ಪಂಪ್‌ಹೌಸ್ ಪ್ಯಾನಲ್ ಒಳಗೆ ಡ್ರಾಯಿಂಗ್‌ನಲ್ಲಿ ಇಲ್ಲದ 4ಜಿ ರೂಟರ್ ಸಿಕ್ಕಿದೆ, ಏನು ಮಾಡಲಿ?

ಹೊಳೆದಂಡೆ (ಸೋಮವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಊರಿನ ಕುಡಿಯುವ ನೀರಿನ ಯೋಜನೆಯಲ್ಲಿ ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್ ಎರಡೂ ಕೆಲಸ ನನ್ನದೇ. ಹೊಳೆ ದಂಡೆಯಲ್ಲಿ ಜಾಕ್‌ವೆಲ್ (ಹೊಳೆ ನೀರು ಎತ್ತುವ ಬಾವಿ), ಅಲ್ಲಿಂದ ಶುದ್ಧೀಕರಣ ಘಟಕ, ಅಲ್ಲಿಂದ ಗುಡ್ಡದ ಮೇಲಿನ ಟ್ಯಾಂಕ್‌ಗೆ ಪಂಪಿಂಗ್. ಎಲ್ಲಕ್ಕೂ ಒಂದೇ ಪಿಎಲ್‌ಸಿ, ಅಂದರೆ ಪಂಪ್, ವಾಲ್ವ್‌ಗಳನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಕಂಟ್ರೋಲರ್. ಕಂಟ್ರೋಲ್ ರೂಮಿನಲ್ಲಿ ಒಂದು ಸ್ಕಾಡಾ ಕಂಪ್ಯೂಟರ್, ಎಲ್ಲವನ್ನೂ ಪರದೆಯಲ್ಲಿ ನೋಡಿ ಆಜ್ಞೆ ಕೊಡೋಕೆ.

ಹೋದ ವಾರ ಲೆವೆಲ್ ರೀಡಿಂಗ್ ಸುಮ್ನೆ ಮೇಲೆ ಕೆಳಗೆ ಆಗುತ್ತಿತ್ತು. ವೈರ್ ನೋಡೋಣ ಅಂತ ಪ್ಯಾನಲ್ ಬಾಗಿಲು ತೆಗೆದೆ. ಟರ್ಮಿನಲ್ ಸಾಲಿನ ಹಿಂದೆ ಅಂಗೈ ಅಗಲದ ಒಂದು 4ಜಿ ರೂಟರ್. ಒಳಗೆ ಸಿಮ್ ಇದೆ, ದೀಪ ಮಿನುಗುತ್ತಿದೆ. ಅದರಿಂದ ಒಂದು ಕೇಬಲ್ ನೇರ ಪಿಎಲ್‌ಸಿ ಕಡೆಗೆ ಹೋಗಿದೆ. ನಮ್ಮ ಡ್ರಾಯಿಂಗ್‌ನಲ್ಲಿ ಇದು ಇಲ್ಲವೇ ಇಲ್ಲ.

ಪ್ಯಾನಲ್ ಹಾಕಿದವರಿಗೆ ಫೋನ್ ಮಾಡಿದೆ. "ನಾವೇ ಹಾಕಿದ್ದು ಸರ್, ಅಲ್ಲಿಗೆ ಬರದೇನೇ ಪ್ರೋಗ್ರಾಂ ಸರಿ ಮಾಡೋಕೆ ಅನುಕೂಲ" ಅಂದರು. ಪಾಸ್‌ವರ್ಡ್ ಯಾರ ಯಾರ ಹತ್ತಿರ ಇದೆ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಆಗ ಕೆಲಸ ಮಾಡಿದ ಇಬ್ಬರು ಹುಡುಗರು ಈಗ ಅಲ್ಲಿ ಇಲ್ಲವಂತೆ.

ನಮ್ಮ ಮೇಲಿನವರಿಗೆ ಹೇಳಿದೆ. "ನಮ್ಮಂಥ ಊರಿನ ನೀರಿಗೆ ಯಾರ್ರೀ ಕೈ ಹಾಕ್ತಾರೆ?" ಅಂದರು. ಅವರ ಮೇಲೆ ನನಗೆ ಕೋಪ ಇಲ್ಲ, ಅವರಿಗೆ ಇದರ ಗಾಂಭೀರ್ಯ ಗೊತ್ತಿಲ್ಲ ಅಷ್ಟೆ. ಆದರೆ ಆ ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಊರಿನ ಅಷ್ಟೂ ಮನೆಯವರು ಕುಡಿಯುವ ನೀರು ಅದು. ಸಿಮ್ ಕಿತ್ತು ಹಾಕಿಬಿಡಲೇ?

ರಾತ್ರಿಪಾಳಿ (ರಾತ್ರಿ 10:05)

ಸರ್, ತಡೀರಿ. ಈಗಲೇ ಕೀಳಬೇಡಿ. ನಾನು ಸಬ್‌ಸ್ಟೇಷನ್‌ನವನು, ನೀರಿನ ಕೆಲಸ ಅಷ್ಟು ಗೊತ್ತಿಲ್ಲ. ಆದರೂ ಒಂದು ಕೇಳಬೇಕು. ಗುಡ್ಡದ ಮೇಲಿನ ಟ್ಯಾಂಕ್ ಲೆವೆಲ್ ಪಂಪ್‌ಹೌಸ್‌ಗೆ ಹೇಗೆ ಬರ್ತಿದೆ? ಕೇಬಲ್ ಎಳೆದಿದ್ದಾರಾ, ರೇಡಿಯೋನಾ, ಇಲ್ಲ ಇದೇ ಸಿಮ್‌ನಲ್ಲಿ ಬರ್ತಿದೆಯಾ? ಇದೇ ರೂಟರ್ ಮೂಲಕ ಬರುತ್ತಿದ್ದರೆ, ನೀವು ಸಿಮ್ ತೆಗೆದ ಕೂಡಲೇ ಪಂಪ್‌ಗೆ ಟ್ಯಾಂಕ್ ಕಾಣೋದಿಲ್ಲ. ಪ್ರೋಗ್ರಾಂ ಹೇಗೆ ಬರೆದಿದ್ದಾರೆ ಅನ್ನೋದರ ಮೇಲೆ ಪಂಪ್ ನಿಂತೇ ಬಿಡಬಹುದು, ಅಥವಾ ಟ್ಯಾಂಕ್ ತುಂಬಿ ಹರಿಯಬಹುದು.

ಮೊದಲು ನೋಡಿ, ಆಮೇಲೆ ತೆಗೆಯಿರಿ.

ಹೊಳೆದಂಡೆ (ರಾತ್ರಿ 10:12)

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ. ಬೆಳಿಗ್ಗೆ ಹೋಗಿ ನೋಡಿ ಹೇಳ್ತೀನಿ. ತುಂಬಾ ಧನ್ಯವಾದ.

ಫೈರ್‌ವಾಲ್_ಬೆಂಗಳೂರು (ರಾತ್ರಿ 10:30)

ನಾನು ಬ್ಯಾಂಕ್ ಸಾಫ್ಟ್‌ವೇರ್ ಕಡೆ ಭದ್ರತೆ ಕೆಲಸ ಮಾಡ್ತೀನಿ. ನಮ್ಮಲ್ಲಾದರೆ ಮೊದಲು ಇಡೀ ನೆಟ್‌ವರ್ಕ್ ಸ್ಕ್ಯಾನ್ ಮಾಡಿ ಏನೇನು ಇದೆ ಅಂತ ಪಟ್ಟಿ ಮಾಡ್ತೀವಿ. ಆಮೇಲೆ ಎಲ್ಲಾ ಯಂತ್ರಗಳಿಗೂ ಅಪ್‌ಡೇಟ್, ಆಂಟಿವೈರಸ್. ಇವತ್ತೇ ಸ್ಕ್ಯಾನ್ ಶುರು ಮಾಡಬಹುದು ಅಲ್ವಾ?

ಲೂಪ್‌ಚೆಕ್ (ರಾತ್ರಿ 11:02)

ಮೇಡಂ, ದಯವಿಟ್ಟು ಬೇಡ. ಕೈ ಮುಗಿದು ಕೇಳ್ತೀನಿ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಾರ್ಖಾನೆಯಲ್ಲಿ ಆಫೀಸಿನ ಕಂಪ್ಯೂಟರ್ ವಿಭಾಗದವರು ಒಳ್ಳೆಯ ಉದ್ದೇಶದಿಂದಲೇ ಸ್ಕ್ಯಾನ್ ಓಡಿಸಿದರು. ಬಾಯ್ಲರ್ ಪಕ್ಕದ ಹಳೇ ಪಿಎಲ್‌ಸಿಯ ನೆಟ್‌ವರ್ಕ್ ಕಾರ್ಡ್ ಅಷ್ಟೊಂದು ಪ್ರಶ್ನೆ ಒಟ್ಟಿಗೆ ಬಂದದ್ದನ್ನು ತಡೆಯಲಾರದೆ ಹ್ಯಾಂಗ್ ಆಯಿತು. ಪರದೆ ಮೇಲೆ ಅಂಕಿಗಳು ನಿಂತಲ್ಲೇ ನಿಂತವು. ಆಪರೇಟರ್‌ಗೆ ಅದು ನಿಂತಿದೆ ಅಂತ ಗೊತ್ತಾಗೋಕೆ ಕೆಲವು ನಿಮಿಷ ಬೇಕಾಯಿತು. ಪುಣ್ಯಕ್ಕೆ ಸೇಫ್ಟಿ ವ್ಯವಸ್ಥೆ ಬೇರೆಯೇ ಇತ್ತು, ಟ್ರಿಪ್ ಆಯಿತು (ತಾನಾಗಿ ನಿಂತಿತು), ಯಾರಿಗೂ ಏನೂ ಆಗಲಿಲ್ಲ. ಆ ದಿನದ ಭಯ ಈಗಲೂ ನನ್ನಲ್ಲಿದೆ.

ಬ್ಯಾಂಕ್‌ನಲ್ಲಿ ಗುಟ್ಟು ಹೊರಗೆ ಹೋಗಬಾರದು ಅನ್ನೋದೇ ದೊಡ್ಡದು. ಅನುಮಾನ ಬಂದರೆ ಸರ್ವರ್ ನಿಲ್ಲಿಸಬಹುದು. ನಮ್ಮಲ್ಲಿ ನಿಲ್ಲಿಸುವುದೇ ಅಪಾಯ. ಓಡುತ್ತಿರುವ ಪಂಪ್ ಒಮ್ಮೆಗೇ ನಿಂತರೆ ಪೈಪಿನೊಳಗೆ ನೀರು ಹಿಂದಕ್ಕೆ ಹೊಡೆಯುತ್ತೆ, ವಾಟರ್ ಹ್ಯಾಮರ್ ಅಂತಾರಲ್ಲ, ಅದು. ಪೈಪೇ ಒಡೆಯಬಹುದು. ಅಪ್‌ಡೇಟ್ ಕೂಡ ಹಾಗೇ. ಪಿಎಲ್‌ಸಿ ತಯಾರಕರು ಪರೀಕ್ಷಿಸಿ ಒಪ್ಪದ ಅಪ್‌ಡೇಟ್ ಹಾಕಿದರೆ ಸ್ಕಾಡಾ ಪರದೆಯೇ ತೆರೆಯದೆ ಹೋಗಬಹುದು. ಶಟ್‌ಡೌನ್ ಇದ್ದಾಗ, ಬ್ಯಾಕಪ್ ಕೈಯಲ್ಲಿ ಇಟ್ಟುಕೊಂಡು ಹಾಕಬೇಕು.

ಪಟ್ಟಿ ಮಾಡಬೇಕು ಅನ್ನೋದು ಮಾತ್ರ ನೂರಕ್ಕೆ ನೂರು ಸರಿ. ಅದಕ್ಕೆ ಸ್ಕ್ಯಾನ್ ಬೇಡ. ಟಾರ್ಚ್ ಹಿಡಿದು ಒಂದೊಂದೇ ಪ್ಯಾನಲ್ ತೆಗೆದು, ಒಂದೊಂದೇ ಕೇಬಲ್ ಎಲ್ಲಿಗೆ ಹೋಗುತ್ತೆ ಅಂತ ಕೈಯಲ್ಲಿ ಹಿಡಿದು ನಡೆಯಬೇಕು.

ಫೈರ್‌ವಾಲ್_ಬೆಂಗಳೂರು (ರಾತ್ರಿ 11:15)

ಇದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು. ನನ್ನ ಸಲಹೆ ವಾಪಸ್ ತಗೋತೀನಿ.

ಡಿಪ್ಲೊಮಾ_3ನೇ_ವರ್ಷ (ಮಂಗಳವಾರ, ಬೆಳಿಗ್ಗೆ 7:20)

ಒಂದು ಸಣ್ಣ ಪ್ರಶ್ನೆ. ರೂಟರ್ ಒಳಗೆ ಯಾರಾದರೂ ಬಂದರೂ ಪಿಎಲ್‌ಸಿಗೆ ಪಾಸ್‌ವರ್ಡ್ ಇರುತ್ತಲ್ವಾ? ಅದನ್ನು ದಾಟಬೇಕಲ್ಲ?

ಲೂಪ್‌ಚೆಕ್ (ಬೆಳಿಗ್ಗೆ 8:10)

ತಮ್ಮಾ, ಬಹಳ ಒಳ್ಳೆಯ ಪ್ರಶ್ನೆ. ಪ್ರೋಗ್ರಾಂ ತೆರೆಯೋಕೆ ಪಾಸ್‌ವರ್ಡ್ ಇರಬಹುದು. ಆದರೆ ಆಜ್ಞೆ ಕೊಡೋಕೆ ಹೆಚ್ಚಿನ ಕಡೆ ಇಲ್ಲ. ಈ ಯಂತ್ರಗಳು ಒಂದಕ್ಕೊಂದು ಮಾತಾಡೋಕೆ ನಮ್ಮಲ್ಲಿ ಎಲ್ಲೆಲ್ಲೂ ಬಳಸುವ ಭಾಷೆ ಮಾಡ್‌ಬಸ್, ಅದು 1979ರಲ್ಲಿ ಮೋಡಿಕಾನ್ ಕಂಪನಿ ಮಾಡಿದ್ದು. ಆಗ ಪಿಎಲ್‌ಸಿಗೂ ಕಂಪ್ಯೂಟರ್‌ಗೂ ನಡುವೆ ಒಂದೇ ವೈರ್, ಅದೂ ಕಾರ್ಖಾನೆ ಗೋಡೆಯೊಳಗೆ. ಯಾರು ಮಾತಾಡ್ತಿದ್ದಾರೆ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಆಮೇಲೆ ಅದೇ ಮಾತನ್ನು ಈಥರ್ನೆಟ್ ಮೇಲೆ ಓಡಿಸಿದರು, 502ನೇ ಪೋರ್ಟ್‌ನಲ್ಲಿ. ಕೇಳುವ ಅಭ್ಯಾಸ ಮಾತ್ರ ಬರಲಿಲ್ಲ. ಬಾಗಿಲಲ್ಲಿ ನಿಂತು "ವಾಲ್ವ್ ತೆಗಿ" ಅಂತ ಯಾರು ಕೂಗಿದರೂ ಅದು ತೆಗೆಯುತ್ತೆ.

2024ರ ಜನವರಿಯಲ್ಲಿ ಉಕ್ರೇನಿನ ಲ್ವಿವ್ ಊರಲ್ಲಿ ಇದೇ ಆಯಿತು. ಅಲ್ಲಿ ಇಡೀ ಬಡಾವಣೆಗಳಿಗೆ ಒಂದು ಕಡೆಯಿಂದ ಬಿಸಿನೀರು ಹರಿಸಿ ಮನೆ ಬೆಚ್ಚಗಿಡ್ತಾರೆ. ಫ್ರಾಸ್ಟಿಗೂಪ್ ಅಂತ ಹೆಸರಿಟ್ಟ ಮಾಲ್‌ವೇರ್ ಆ ಕಂಟ್ರೋಲರ್‌ಗಳಿಗೆ ಮಾಡ್‌ಬಸ್‌ನಲ್ಲೇ ಆಜ್ಞೆ ಕಳಿಸಿ ಅಳತೆಗಳು ತಪ್ಪಾಗಿ ಬರುವ ಹಾಗೆ ಮಾಡಿತು. 600ಕ್ಕೂ ಹೆಚ್ಚು ಅಪಾರ್ಟ್‌ಮೆಂಟ್ ಕಟ್ಟಡಗಳಲ್ಲಿ ಸುಮಾರು ಎರಡು ದಿನ ಬಿಸಿ ಇಲ್ಲ. ಹೊರಗೆ ಶೂನ್ಯಕ್ಕಿಂತ ಕೆಳಗಿನ ಚಳಿ. ಮಕ್ಕಳು, ವಯಸ್ಸಾದವರು ಇದ್ದ ಮನೆಗಳು ಅವು.

ರಾತ್ರಿಪಾಳಿ (ಬೆಳಿಗ್ಗೆ 8:25)

"ನಮ್ಮಂಥ ಊರಿಗೆ ಯಾರು ಬರ್ತಾರೆ" ಅನ್ನೋದಕ್ಕೆ ಉತ್ತರ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ. ಅದೂ ಸಣ್ಣ ಊರೇ. 2023ರ ನವೆಂಬರ್‌ನಲ್ಲಿ ಅಲ್ಲಿನ ನೀರಿನ ಬೂಸ್ಟರ್ ಪಂಪ್‌ನ ಪಿಎಲ್‌ಸಿ ಪರದೆ ಮೇಲೆ ದಾಳಿಕೋರರ ಸಂದೇಶ ಬಂತು. ಇಸ್ರೇಲಿನ ಯುನಿಟ್ರಾನಿಕ್ಸ್ ಕಂಪನಿಯ ಪಿಎಲ್‌ಸಿ ಅದು. ಇರಾನ್ ಕಡೆಯ ಗುಂಪು ಇಸ್ರೇಲಿನಲ್ಲಿ ತಯಾರಾದ ಯಂತ್ರ ಎಲ್ಲೆಲ್ಲಿ ಇಂಟರ್ನೆಟ್‌ಗೆ ತೆರೆದುಕೊಂಡಿದೆ ಅಂತ ಹುಡುಕುತ್ತಿತ್ತು. ಊರಿನ ಹೆಸರು ಅವರಿಗೆ ಮುಖ್ಯವೇ ಆಗಿರಲಿಲ್ಲ. ಆ ಪಿಎಲ್‌ಸಿಗಳ ಜೊತೆ ಕಾರ್ಖಾನೆಯಿಂದ ಬರುವ ಪಾಸ್‌ವರ್ಡ್ 1111. ಅಲಿಕ್ವಿಪ್ಪಾದವರು ಪಂಪನ್ನು ಮ್ಯಾನುಯಲ್‌ಗೆ ಹಾಕಿಕೊಂಡು ನೀರು ನಿಲ್ಲದ ಹಾಗೆ ನೋಡಿಕೊಂಡರು.

ಹೊಳೆದಂಡೆ ಸರ್, ನಿಮ್ಮ ಮೇಲಿನವರಿಗೆ ಈ ಊರಿನ ಕಥೆ ಹೇಳಿ.

ಸುದ್ದಿಓದುಗ (ಬೆಳಿಗ್ಗೆ 9:00)

ಫ್ಲಾರಿಡಾದ ಓಲ್ಡ್‌ಸ್ಮಾರ್‌ನಲ್ಲೂ ಹ್ಯಾಕರ್‌ಗಳು ನೀರಿಗೆ ಕಾಸ್ಟಿಕ್ ಸೋಡಾ ಸುರಿದರಲ್ಲ, ಅದನ್ನೂ ಹೇಳಬೇಕು.

ಲೂಪ್‌ಚೆಕ್ (ಬೆಳಿಗ್ಗೆ 9:35)

ಅದನ್ನು ಸ್ವಲ್ಪ ಎಚ್ಚರಿಕೆಯಿಂದ ಹೇಳಬೇಕು ಸರ್. 2021ರ ಫೆಬ್ರವರಿ 5ರಂದು ಸೋಡಿಯಂ ಹೈಡ್ರಾಕ್ಸೈಡ್ (ಅದೇ ಕಾಸ್ಟಿಕ್ ಸೋಡಾ) ಎಷ್ಟು ಹಾಕಬೇಕು ಅನ್ನುವ ಸೆಟ್‌ಪಾಯಿಂಟ್ 100 ಪಿಪಿಎಂನಿಂದ (ಹತ್ತು ಲಕ್ಷ ಭಾಗಕ್ಕೆ 100 ಭಾಗ) 11,100ಕ್ಕೆ ಹೋಯಿತು. ಆಪರೇಟರ್ ನೋಡಿದರು, ಕೂಡಲೇ ವಾಪಸ್ ಇಳಿಸಿದರು. ಜನರಿಗೆ ಆ ನೀರು ಹೋಗಲಿಲ್ಲ. ಆಗ ದಾಳಿ ಅಂತಲೇ ಸುದ್ದಿಯಾಯಿತು. ಆದರೆ 2023ರಲ್ಲಿ, ಘಟನೆ ನಡೆದಾಗ ನಗರದ ಮ್ಯಾನೇಜರ್ ಆಗಿದ್ದವರೇ ಅದು ಸಿಬ್ಬಂದಿಯ ಕೈತಪ್ಪು ಅಂದರು. ಹೊರಗಿನಿಂದ ಗುರಿಯಿಟ್ಟು ನುಗ್ಗಿದ್ದು ಅಂತ ಖಚಿತಪಡಿಸಲು ಆಗಲಿಲ್ಲ ಅಂತ ಎಫ್‌ಬಿಐ ಕೂಡ ಹೇಳಿತು.

ನನಗೆ ಇದರಲ್ಲಿ ಕಾಡುವುದು ಬೇರೆ. ಹ್ಯಾಕರ್ ಇರಲಿ, ಕೈತಪ್ಪಿರಲಿ, 11,100 ಅನ್ನುವ ಅಂಕಿಯನ್ನು ಪ್ರೋಗ್ರಾಂ ಯಾಕೆ ಒಪ್ಪಿಕೊಳ್ಳಬೇಕು? ಪಿಎಲ್‌ಸಿ ಒಳಗೇ ಒಂದು ಮಿತಿ ಬರೆದಿಟ್ಟರೆ, ಪರದೆಯಲ್ಲಿ ಯಾರು ಏನೇ ಒತ್ತಿದರೂ ಅದಕ್ಕಿಂತ ಮೇಲೆ ಹೋಗಲ್ಲ. ನೀರಿಗೆ ರಾಸಾಯನಿಕ ಸೇರಿಸುವ ಡೋಸಿಂಗ್ ಪಂಪನ್ನೇ ಬೇಕಾದಷ್ಟು ಮಾತ್ರ ತಳ್ಳುವ ಗಾತ್ರದ್ದು ಹಾಕಿದರೆ ಇನ್ನೂ ಒಳ್ಳೆಯದು. ಸಣ್ಣ ಪಂಪನ್ನು ದೂರದಿಂದ ಯಾರೂ ದೊಡ್ಡದು ಮಾಡೋಕೆ ಆಗಲ್ಲ.

ಮಲೆನಾಡು_ಬದು (ಬೆಳಿಗ್ಗೆ 11:20)

ರೂಟರ್ ಹಾಕಿಹೋದ ಹುಡುಗರ ವಿಷಯ ಓದಿದ ಕೂಡಲೇ ನನಗೆ ನೆನಪಾಗಿದ್ದು ಆಸ್ಟ್ರೇಲಿಯಾದ ಮರೂಚಿ. 2000ನೇ ಇಸವಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಒಳಚರಂಡಿ ಪಂಪಿಂಗ್ ಸ್ಟೇಷನ್‌ಗಳಿಗೆ ರೇಡಿಯೋ ಕಂಟ್ರೋಲ್ ಹಾಕಿದ ಕಂಪನಿಯಲ್ಲಿದ್ದವನೊಬ್ಬ ಕೆಲಸ ಬಿಟ್ಟ. ಆಮೇಲೆ ಸ್ಥಳೀಯ ಸಂಸ್ಥೆಯಲ್ಲಿ ಕೆಲಸ ಕೇಳಿದ, ಸಿಗಲಿಲ್ಲ. ಕಾರಿನಲ್ಲಿ ಲ್ಯಾಪ್‌ಟಾಪ್, ರೇಡಿಯೋ ಇಟ್ಟುಕೊಂಡು ಸುತ್ತಾಡುತ್ತಾ ಪಂಪ್‌ಗಳಿಗೆ ಆಜ್ಞೆ ಕೊಡತೊಡಗಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ನೀರು ಪಾರ್ಕ್, ಹೊಳೆಗಳಿಗೆ, ಒಂದು ಹೋಟೆಲ್ ಅಂಗಳಕ್ಕೂ ಹರಿಯಿತು. ಹೊಳೆಯ ಜೀವಿಗಳು ಸತ್ತವು. ಮೊದಮೊದಲು ಅಲ್ಲಿನ ಎಂಜಿನಿಯರ್‌ಗಳು ಹೊಸ ಸಿಸ್ಟಂನ ತೊಂದರೆ ಅಂದುಕೊಂಡಿದ್ದರು. ಅವನಿಗೆ ಎರಡು ವರ್ಷ ಜೈಲಾಯಿತು.

ಅವನು ಬೀಗ ಒಡೆದು ಬಂದವನಲ್ಲ. ಬೀಗ ಹಾಕಿದವನೇ ಅವನು. ನಿಮ್ಮ ಹುಡುಗರು ಒಳ್ಳೆಯವರೇ ಇರಬಹುದು, ಆದರೆ ಕೀಲಿ ಅವರ ಹತ್ತಿರ ಉಳಿಯಬಾರದು.

ಇನ್ನೊಂದು ಮಾತು. ಇಂಥ ಕಂಟ್ರೋಲ್ ಸಿಸ್ಟಂಗಳ ಭದ್ರತೆಗೆ ಐಇಸಿ 62443 ಅಂತ ಒಂದು ಮಾನದಂಡ ಇದೆ. ಹೆಸರು ಕೇಳಿ ಹೆದರಬೇಡಿ. ಗದ್ದೆಗೆ ಬದು ಹಾಕುವುದು ನೆನೆಸಿಕೊಳ್ಳಿ. ಒಂದು ಮಡಿಯಲ್ಲಿ ನೀರು ಕೆಟ್ಟರೆ ಇಡೀ ಗದ್ದೆಗೆ ಹೋಗಬಾರದು. ಮಡಿಯಿಂದ ಮಡಿಗೆ ನೀರು ಹೋಗುವುದು ಒಂದು ಕಂಡಿಯಿಂದ ಮಾತ್ರ, ಆ ಕಂಡಿ ಯಾವಾಗ ತೆಗೆಯಬೇಕು, ಯಾವಾಗ ಮುಚ್ಚಬೇಕು ಅಂತ ಒಬ್ಬರು ನೋಡ್ತಾ ಇರ್ತಾರೆ. ಪಿಎಲ್‌ಸಿ ಒಂದು ಮಡಿ. ಸ್ಕಾಡಾ ಕಂಪ್ಯೂಟರ್ ಇನ್ನೊಂದು. ಆಫೀಸಿನ ಮೇಲ್ ನೋಡುವ ಕಂಪ್ಯೂಟರ್ ಬೇರೆಯೇ. ನಿಮ್ಮ ರೂಟರ್ ಬದುವಿನಲ್ಲಿ ಏಡಿ ಕೊರೆದ ತೂತಿನ ಹಾಗೆ. ಹೊರಗಿಂದ ಕಾಣುವುದೇ ಇಲ್ಲ.

ಸುದ್ದಿಓದುಗ (ಮಧ್ಯಾಹ್ನ 12:10)

ಇಂಟರ್ನೆಟ್‌ಗೆ ಸೇರಿಸದೇ ಇದ್ದರೆ ಈ ಯಾವ ತಾಪತ್ರಯವೂ ಇಲ್ಲ ಅಲ್ವಾ? ಆದರೆ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ರಿಯಾಕ್ಟರ್‌ ಒಳಗೇ ಹ್ಯಾಕರ್‌ಗಳು ಹೋಗಿದ್ದರು ಅಂತ ಓದಿದ್ದೆ.

ಲೂಪ್‌ಚೆಕ್ (ಮಧ್ಯಾಹ್ನ 1:05)

ರಿಯಾಕ್ಟರ್ ಒಳಗೆ ಅಲ್ಲ ಸರ್. 2019ರ ಅಕ್ಟೋಬರ್ 30ರಂದು, ಆ ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಕಂಪನಿ ಒಪ್ಪಿಕೊಂಡಿದ್ದು ಆಡಳಿತ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಇದ್ದ ಜಾಲದ ಒಂದು ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ ಸಿಕ್ಕಿದೆ ಅಂತ. ಸ್ಥಾವರ ನಡೆಸುವ ಜಾಲ ಅದರಿಂದ ಬೇರೆ. ಈ ಎರಡನ್ನು ಒಂದು ಮಾಡಿ ಹೇಳಿದರೆ ಜನ ಸುಮ್ನೆ ಹೆದರ್ತಾರೆ.

ಸೇರಿಸದಿದ್ದರೆ ಸಾಕು ಅನ್ನೋದೂ ಪೂರ್ತಿ ನಿಜ ಅಲ್ಲ. ಇರಾನಿನ ನತಾಂಜ್‌ನ ಯುರೇನಿಯಂ ಘಟಕ ಇಂಟರ್ನೆಟ್‌ನಿಂದ ದೂರವೇ ಇತ್ತು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಪೆನ್‌ಡ್ರೈವ್‌ನಲ್ಲೇ ಹರಡಬಲ್ಲದಾಗಿತ್ತು. ಸೀಮೆನ್ಸ್ ಪಿಎಲ್‌ಸಿ ಹಿಡಿದು ಸೆಂಟ್ರಿಫ್ಯೂಜ್‌ಗಳ (ಯುರೇನಿಯಂ ಬೇರ್ಪಡಿಸಲು ಜೋರಾಗಿ ತಿರುಗುವ ಯಂತ್ರಗಳ) ವೇಗ ಏರಿಳಿಸಿತು. ಕಂಟ್ರೋಲ್ ರೂಮಿನ ಪರದೆಯಲ್ಲಿ ಮಾತ್ರ ಎಲ್ಲಾ ಸರಿಯಾಗಿದೆ ಅಂತಲೇ ಕಾಣುವ ಹಾಗೆ ಮಾಡಿತ್ತು. ಆಗ ಈ ಹುಳ ಜಾಸ್ತಿ ಹರಡಿದ್ದ ದೇಶಗಳಲ್ಲಿ ಇರಾನ್, ಇಂಡೊನೇಷ್ಯಾ ಜೊತೆ ನಮ್ಮ ದೇಶವೂ ಇತ್ತು.

ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಹುಡುಗ ತರುವ ಲ್ಯಾಪ್‌ಟಾಪ್ ನಿನ್ನೆ ಯಾವ ಪ್ಲಾಂಟ್‌ನಲ್ಲಿತ್ತು ಅಂತ ನಾವು ಕೇಳ್ತೀವಾ? ಕೇಳಬೇಕು.

ರಾತ್ರಿಪಾಳಿ (ಮಂಗಳವಾರ, ರಾತ್ರಿ 11:50)

ಪಾಳಿಯಲ್ಲಿದ್ದೇನೆ. ಸ್ವಲ್ಪ ಉದ್ದ ಬರೀತೀನಿ, ಇದು ನನ್ನ ಕೆಲಸದ ವಿಷಯ.

2015ರ ಡಿಸೆಂಬರ್ 23. ಉಕ್ರೇನಿನ ಪಶ್ಚಿಮ ಭಾಗದ ಒಂದು ವಿದ್ಯುತ್ ವಿತರಣಾ ಕಂಪನಿಯ ಕಂಟ್ರೋಲ್ ರೂಮ್. ಮಧ್ಯಾಹ್ನ. ಆಪರೇಟರ್ ಕಣ್ಣೆದುರಿಗೇ ಮೌಸ್ ತಾನಾಗಿ ಓಡಾಡೋಕೆ ಶುರು. ಒಂದೊಂದೇ ಬ್ರೇಕರ್ (ಲೈನಿನ ದೊಡ್ಡ ಸ್ವಿಚ್) ಮೇಲೆ ಹೋಗುತ್ತೆ, ತೆಗೆಯುತ್ತೆ, ಅಂದರೆ ಆಫ್ ಮಾಡುತ್ತೆ. ಅವರು ಮೌಸ್ ಎಳೆದರೂ ಕೈಗೆ ಸಿಗಲ್ಲ. ಮೂರು ವಿತರಣಾ ಕಂಪನಿಗಳಲ್ಲಿ ಹೀಗೇ. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು.

ದಾಳಿಕೋರರು ಬಂದಿದ್ದು ಅವತ್ತಲ್ಲ. ತಿಂಗಳುಗಳ ಹಿಂದೆಯೇ ಇ-ಮೇಲ್‌ನಲ್ಲಿ ಒಂದು ಆಫೀಸ್ ಫೈಲ್ ಕಳಿಸಿ, ಆಫೀಸಿನ ಜಾಲಕ್ಕೆ ಬಂದು, ಪಾಸ್‌ವರ್ಡ್‌ಗಳನ್ನು ಕದ್ದು, ಕೆಲಸಗಾರರು ದೂರದಿಂದ ಬರುವ ವಿಪಿಎನ್ ದಾರಿಯಲ್ಲೇ ಸ್ಕಾಡಾ ಹತ್ತಿರ ಬಂದಿದ್ದರು. ಆ ದಾರಿಗೆ ಪಾಸ್‌ವರ್ಡ್ ಬಿಟ್ಟು ಎರಡನೇ ಬೀಗ ಇರಲಿಲ್ಲ. ಬ್ರೇಕರ್ ತೆಗೆದ ಮೇಲೆ, ಸಬ್‌ಸ್ಟೇಷನ್‌ಗಳಲ್ಲಿ ಸೀರಿಯಲ್ ಲೈನನ್ನು ಈಥರ್ನೆಟ್‌ಗೆ ಬದಲಿಸುವ ಪೆಟ್ಟಿಗೆಗಳ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಕೆಡಿಸಿದರು. ಇದರಿಂದ ಕಂಟ್ರೋಲ್ ರೂಮಿನಿಂದ ಬ್ರೇಕರ್ ಮತ್ತೆ ಹಾಕುವ ದಾರಿಯೇ ಮುಚ್ಚಿತು. ಯುಪಿಎಸ್ ಆಫ್ ಆಗುವ ಹಾಗೆ ಇಟ್ಟರು. ಗ್ರಾಹಕರ ದೂರು ಬರದ ಹಾಗೆ ಫೋನ್ ಲೈನ್‌ಗಳನ್ನು ಸುಳ್ಳು ಕರೆಗಳಿಂದ ತುಂಬಿಸಿದರು. ಎಷ್ಟು ಯೋಚಿಸಿದ್ದರು ನೋಡಿ.

ಆದರೂ ಸುಮಾರು ಆರು ಗಂಟೆಯೊಳಗೆ ಕರೆಂಟ್ ಬಂತು. ಹೇಗೆ? ಜನ ಗಾಡಿ ಹತ್ತಿ ಸಬ್‌ಸ್ಟೇಷನ್‌ಗಳಿಗೆ ಹೋದರು. ಕೈಯಲ್ಲೇ ಬ್ರೇಕರ್ ಹಾಕಿದರು. ಅವರಲ್ಲಿ ಹಳೇ ರೀತಿಯಲ್ಲಿ ಕೈಯಿಂದ ನಡೆಸಿ ಗೊತ್ತಿದ್ದವರು ಇನ್ನೂ ಕೆಲಸದಲ್ಲಿದ್ದರು. ಕೈಯಲ್ಲಿ ಹಾಕಬಲ್ಲ ಬ್ರೇಕರ್‌ಗಳು ಇನ್ನೂ ಇದ್ದವು.

ಇದನ್ನು ಓದಿದಾಗಲೆಲ್ಲ ನಾನು ನಮ್ಮ ಯಾರ್ಡ್ ಕಡೆ ನೋಡ್ತೀನಿ. ನಮ್ಮಲ್ಲಿ ಪ್ರತಿ ಬ್ರೇಕರ್ ಪಕ್ಕ ಲೋಕಲ್-ರಿಮೋಟ್ ಸ್ವಿಚ್ ಇದೆ. ಲೋಕಲ್‌ಗೆ ತಿರುಗಿಸಿದರೆ ದೂರದ ಆಜ್ಞೆ ಕೇಳಲ್ಲ. ತಾಮ್ರದ ಕಾಂಟ್ಯಾಕ್ಟ್ ಅದು, ಸಾಫ್ಟ್‌ವೇರ್ ಅಲ್ಲ. ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲ ದಿನ ತೋರಿಸುವುದೇ ಆ ಸ್ವಿಚ್. ಪರದೆ ಇಲ್ಲದೆ, ಬರೀ ಸಿಂಗಲ್ ಲೈನ್ ಡಯಾಗ್ರಂ (ಸಬ್‌ಸ್ಟೇಷನ್ ಸಂಪರ್ಕಗಳ ಸರಳ ನಕ್ಷೆ) ಕೈಯಲ್ಲಿ ಹಿಡಿದು, ಯಾವುದರ ಆಮೇಲೆ ಯಾವುದು ಅಂತ ಹೇಳಿಸ್ತೀನಿ.

ಹೊಳೆದಂಡೆ ಸರ್, ರೂಟರ್ ಇವತ್ತಲ್ಲ ನಾಳೆ ಹೋಗುತ್ತೆ. ಆದರೆ ಪರದೆ ಇಲ್ಲದೆ ನಿಮ್ಮ ಪಂಪ್‌ಹೌಸ್ ನಡೆಸಬಲ್ಲವರು ಈಗ ಎಷ್ಟು ಜನ ಇದ್ದಾರೆ?

ಡಿಪ್ಲೊಮಾ_3ನೇ_ವರ್ಷ (ಬುಧವಾರ, ಬೆಳಿಗ್ಗೆ 6:50)

ನಮ್ಮ ಲ್ಯಾಬ್‌ನ ಪಿಎಲ್‌ಸಿಯಲ್ಲೂ ಒಂದು ಕೀ ಇದೆ. ರನ್, ಪ್ರೋಗ್ರಾಂ, ರಿಮೋಟ್ ಅಂತ. ಯಾವಾಗಲೂ ರಿಮೋಟ್‌ನಲ್ಲೇ ಇರುತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಲೂಪ್‌ಚೆಕ್ (ಬೆಳಿಗ್ಗೆ 7:30)

ತುಂಬಾ ಇದೆ. 2017ರಲ್ಲಿ ಸೌದಿ ಅರೇಬಿಯಾದ ಒಂದು ಪೆಟ್ರೋಕೆಮಿಕಲ್ ಪ್ಲಾಂಟ್‌ನಲ್ಲಿ ದಾಳಿಕೋರರು ಸೇಫ್ಟಿ ಕಂಟ್ರೋಲರ್‌ಗೇ ಕೈ ಹಾಕಿದರು. ಟ್ರೈಕಾನೆಕ್ಸ್ ಅದು. ಒತ್ತಡ, ಬಿಸಿ ಮಿತಿ ಮೀರಿದಾಗ ಪ್ಲಾಂಟ್ ನಿಲ್ಲಿಸಿ ಜನರ ಜೀವ ಉಳಿಸಬೇಕಾದ್ದೇ ಅದು. ಆ ಮಾಲ್‌ವೇರ್‌ಗೆ ಟ್ರೈಟನ್ ಅಂತ ಹೆಸರು. ಅದು ಒಳಗೆ ಬರೆಯಲು ಆಗಿದ್ದು ಕಂಟ್ರೋಲರ್ ಕೀ ಪ್ರೋಗ್ರಾಂ ಸ್ಥಾನದಲ್ಲೇ ಇದ್ದ ಕಾರಣ. ರನ್‌ಗೆ ತಿರುಗಿಸಿ ಕೀ ತೆಗೆದಿಟ್ಟಿದ್ದರೆ ಆಗುತ್ತಿರಲಿಲ್ಲ. ದಾಳಿಕೋರರ ಕೋಡ್‌ನಲ್ಲಿ ತಪ್ಪಿದ್ದರಿಂದ ಪ್ಲಾಂಟ್ ಟ್ರಿಪ್ ಆಗಿ ವಿಷಯ ಹೊರಬಂತು.

ನಿಮ್ಮ ಮೇಷ್ಟ್ರಿಗೆ ಹೇಳಿ, ಕೀ ರನ್‌ಗೆ ತಿರುಗಿಸಿಡಿ.

ಹೊಳೆದಂಡೆ (ಶುಕ್ರವಾರ, ರಾತ್ರಿ 8:30)

ಎಲ್ಲರಿಗೂ ಮೊದಲು ಧನ್ಯವಾದ. ಈ ನಾಲ್ಕು ದಿನದಲ್ಲಿ ಆಗಿದ್ದು ಹೇಳ್ತೀನಿ.

ರಾತ್ರಿಪಾಳಿ ಸರ್ ಹೇಳಿದ್ದು ನಿಜವಾಯಿತು. ಟ್ಯಾಂಕ್ ಲೆವೆಲ್ ಅದೇ ಸಿಮ್‌ನಲ್ಲೇ ಬರುತ್ತಿತ್ತು. ಸೋಮವಾರ ಕಿತ್ತಿದ್ದರೆ ಪಂಪ್ ನಿಲ್ಲುತ್ತಿತ್ತು. ಪಿಎಲ್‌ಸಿಯಲ್ಲಿದ್ದ ಪ್ರೋಗ್ರಾಂ ನಕಲು ಮಾಡಿಕೊಂಡು ಎರಡು ಕಡೆ ತೆಗೆದಿಟ್ಟೆ. ಟಾರ್ಚ್ ಹಿಡಿದು ಎಲ್ಲಾ ಪ್ಯಾನಲ್ ನೋಡಿದೆ. ಇನ್ನೊಂದು ಸಂಗತಿ ಸಿಕ್ಕಿತು. ಸ್ಕಾಡಾ ಕಂಪ್ಯೂಟರ್‌ನಲ್ಲಿ ದೂರದಿಂದ ಪರದೆ ನೋಡುವ ಸಾಫ್ಟ್‌ವೇರ್ ಯಾವಾಗಲೂ ಆನ್ ಇತ್ತು. ತೆಗೆಸಿದೆ.

ರೂಟರ್ ಹಾಕಿದ ಕಂಪನಿಯವರು ಬಂದರು. ಜಗಳ ಏನೂ ಆಗಲಿಲ್ಲ. ಈಗ ಟ್ಯಾಂಕ್ ಲೆವೆಲ್‌ಗೆ ಮಾತ್ರ ಬೇರೆ ಸಾಧನ, ಅದು ಲೆವೆಲ್ ಕಳಿಸುತ್ತೆ ಅಷ್ಟೆ, ಯಾವ ಆಜ್ಞೆಯನ್ನೂ ಕೇಳಲ್ಲ. ಪಿಎಲ್‌ಸಿ ಕಡೆ ಹೋಗುತ್ತಿದ್ದ ಕೇಬಲ್ ತೆಗೆದಿದ್ದೇವೆ. ಅವರಿಗೆ ಪ್ರೋಗ್ರಾಂ ನೋಡಬೇಕಾದರೆ ನನಗೆ ಫೋನ್ ಮಾಡಬೇಕು, ನಾನು ಎದುರಿಗೆ ನಿಂತು ಕೇಬಲ್ ಹಾಕ್ತೀನಿ, ಕೆಲಸ ಮುಗಿದ ಮೇಲೆ ತೆಗೀತೀನಿ, ರಿಜಿಸ್ಟರ್‌ನಲ್ಲಿ ಬರೀತೀನಿ. ಪಾಸ್‌ವರ್ಡ್ ಬದಲಾಯಿತು. ಡೋಸಿಂಗ್‌ಗೆ ಪಿಎಲ್‌ಸಿಯಲ್ಲೇ ಮಿತಿ ಹಾಕಿಸಿದೆ. ಕೀ ರನ್‌ನಲ್ಲಿದೆ. ಮೇಲಿನವರಿಗೆ ಅಲಿಕ್ವಿಪ್ಪಾ ವಿಷಯ ಹೇಳಿದ ಮೇಲೆ ಅವರೇ ಪ್ಯಾನಲ್‌ಗೆ ಬೀಗ ತರಿಸಿದರು.

ರಾತ್ರಿಪಾಳಿ ಸರ್ ಕೇಳಿದ ಪ್ರಶ್ನೆಗೆ ಉತ್ತರ: ಒಬ್ಬರು. ನಮ್ಮ ಹಳೇ ನೀರುಗಂಟಿ. ಸ್ಕಾಡಾ ಬರುವ ಮೊದಲಿಂದ ಇದ್ದಾರೆ. ಪಂಪಿನ ಸದ್ದು ಕೇಳಿಯೇ ಗಾಳಿ ಹಿಡಿದಿದೆ ಅಂತ ಹೇಳ್ತಾರೆ. ಇನ್ನು ಎರಡು ತಿಂಗಳಿಗೆ ನಿವೃತ್ತಿ. ನನಗೂ ಸೇರಿ ಉಳಿದ ಯಾರಿಗೂ ಪರದೆ ಇಲ್ಲದೆ ಪೂರ್ತಿ ನಡೆಸಿ ಅಭ್ಯಾಸ ಇಲ್ಲ.

ಅದಕ್ಕೆ ಭಾನುವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ಸ್ಕಾಡಾ ಬಂದ್ ಮಾಡಿ ಎಲ್ಲಾ ಕೈಯಲ್ಲೇ ನಡೆಸಬೇಕು ಅಂತಿದ್ದೇವೆ. ಅಜ್ಜ ಪಕ್ಕದಲ್ಲಿ ನಿಲ್ತಾರೆ, ನಾವು ಮೂವರು ಮಾಡ್ತೀವಿ. ನಾನು ಎಲ್ಲಾ ಬರೆದುಕೊಳ್ತೀನಿ. ಒಂದೇ ಅನುಮಾನ ಕ್ಲೋರಿನ್‌ದು. ಪರದೆಯ ಅಂಕಿ ಇಲ್ಲದೆ ಡೋಸ್ ಸರಿ ಇದೆ ಅಂತ ಹೇಗೆ ನಂಬಲಿ?

ಮಲೆನಾಡು_ಬದು (ರಾತ್ರಿ 9:15)

ಮನಸ್ಸು ತುಂಬಿ ಬಂತು ಸರ್. ಡೋಸಿಂಗ್ ಪಂಪ್ ಹೀರುವ ಕಡೆ ಅಳತೆ ಗೆರೆ ಇರುವ ಒಂದು ಸಿಲಿಂಡರ್ ಇದ್ದರೆ ಅದರಿಂದ ಒಂದು ನಿಮಿಷಕ್ಕೆ ಎಷ್ಟು ಎಳೀತು ಅಂತ ಗಡಿಯಾರ ಹಿಡಿದು ನೋಡಿ. ಇಲ್ಲದಿದ್ದರೆ ಅಳತೆ ಜಗ್ ಸಾಕು. ಆಮೇಲೆ ಘಟಕದಲ್ಲಿ ಮಾತ್ರ ಅಲ್ಲ, ಊರಿನ ಕೊನೇ ನಲ್ಲಿಯಲ್ಲಿ ಕ್ಲೋರೋಸ್ಕೋಪ್‌ನಲ್ಲಿ (ಬಣ್ಣ ನೋಡಿ ಕ್ಲೋರಿನ್ ಅಳೆಯುವ ಕಿಟ್) ನೋಡಿ. ಉಳಿದ ಕ್ಲೋರಿನ್ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಪರದೆ ಸುಳ್ಳು ಹೇಳಿದರೂ ಆ ಬಣ್ಣ ಹೇಳಲ್ಲ.

ರಾತ್ರಿಪಾಳಿ (ರಾತ್ರಿ 9:40)

ಅಜ್ಜನ ಮಾತು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ ಸರ್. ಬರೆಯುವಾಗ ಎಷ್ಟೋ ಬಿಟ್ಟುಹೋಗುತ್ತೆ. ಪಂಪ್ ನಿಲ್ಲಿಸುವ ಮೊದಲು ಡೆಲಿವರಿ ವಾಲ್ವ್ ಎಷ್ಟು ನಿಧಾನ ಮುಚ್ಚಬೇಕು ಅಂತ ಅವರ ಕೈಯನ್ನೇ ನೋಡಿ, ಎಷ್ಟು ಸುತ್ತು, ಎಷ್ಟು ಹೊತ್ತು ಅಂತ. ಭಾನುವಾರ ನನಗೆ ರಜೆ. ಬೆಳಿಗ್ಗೆ ಐದೂವರೆಯಿಂದ ಫೋನ್ ಪಕ್ಕದಲ್ಲೇ ಇರ್ತೀನಿ.